ಹಾರ್ಲೆಮ್ ಕಲಾವಿದರ ದಾಖಲೆ ಹುಡುಕುವುದು ಹೇಗೆ?

ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಕಲಾವಿದರ ಫೋಟೋ ಪೋಸ್ಟರ್‌ಗೆ ಬೇಕು, ‘ಬ್ಲ್ಯಾಕ್’ ಅಂತ ಹಾಕಿ ಹುಡುಕಿದರೆ ಸಿಗುತ್ತಿಲ್ಲ ಅಂದಿರಿ. ನೀವು ಹಾಕಿದ ಆ ಪದವೇ ಅಡ್ಡಿಯಾಗಿರಬೇಕು. 1920–30ರ ದಶಕದ ಹಾರ್ಲೆಮ್ ಕಲಾವಿದರ ದಾಖಲೆಗಳಲ್ಲಿ ಜಾಸ್ತಿ ಕಾಣುವುದು ‘ನೀಗ್ರೋ’. ಆ ಪದ ಇವತ್ತು ಚುಚ್ಚುತ್ತದೆ, ಆದರೂ ಹುಡುಕಾಟದಲ್ಲಿ ಹಾಕಲೇಬೇಕು. ನ್ಯೂಯಾರ್ಕ್‌ನಲ್ಲಿ ಕಪ್ಪು ಜನರ ಇತಿಹಾಸದ ದಾಖಲೆ ಇಡುವ ಗ್ರಂಥಾಲಯ ಷಾಂಬರ್ಗ್ ಸೆಂಟರ್ ಕೂಡ 1925ರಲ್ಲಿ ಅದೇ ಪದವಿದ್ದ ಹೆಸರಿನಲ್ಲಿ ಶುರುವಾಗಿದ್ದು. ಚಿತ್ರಕಾರ ಆರನ್ ಡಗ್ಲಸ್ 1934ರಲ್ಲಿ ಆ ಗ್ರಂಥಾಲಯಕ್ಕಾಗಿ ಬರೆದ ಭಿತ್ತಿಚಿತ್ರಗಳ ಶೀರ್ಷಿಕೆಯಲ್ಲೂ ಅದಿದೆ.

ಆಮೇಲೆ ಹೆಸರು ಹಿಡಿದು ಹುಡುಕಿ: ಡಗ್ಲಸ್, ಶಿಲ್ಪಿ ಅಗಸ್ಟಾ ಸ್ಯಾವೇಜ್. ಎಷ್ಟೋ ಫೋಟೋಗಳು ಆನ್‌ಲೈನ್ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಇರುವುದಿಲ್ಲ. ಹಾಗಾಗಿ ಆ ವ್ಯಕ್ತಿಯ ಕಾಗದಪತ್ರಗಳ ಪೆಟ್ಟಿಗೆವಾರು ವಿವರ ತೆರೆದು, ಪೆಟ್ಟಿಗೆ ಮತ್ತು ಫೋಲ್ಡರ್ ಸಂಖ್ಯೆ ಬರೆದುಕೊಳ್ಳಿ. ಸುಮ್ನೆ ‘ಫೋಟೋ ಬೇಕು’ ಅನ್ನದೆ ಆ ಸಂಖ್ಯೆಯನ್ನೇ ಆ ಕಾಗದಪತ್ರ ಇರುವ ಗ್ರಂಥಾಲಯದ ಸಿಬ್ಬಂದಿಗೆ ಇಮೇಲ್ ಮಾಡಿ. ನಿಮ್ಮ ಪೋಸ್ಟರ್‌ನಲ್ಲಿ ಬಳಸಬಹುದೇ ಅಂತ ಅದರಲ್ಲೇ ಕೇಳಿ. ಹಕ್ಕು ಛಾಯಾಗ್ರಾಹಕರ ಕುಟುಂಬದ್ದೂ ಆಗಿರಬಹುದು.