ಒಂದೇ ಬದಿಯ ಹೆಡ್‌ಲೈಟ್ ಬಲ್ಬ್ ಪದೇ ಪದೇ ಸುಡುವುದೇಕೆ?

ಪ್ರಶ್ನೆ: ನನ್ನ ಕಾರಿಗೆ ಒಂಬತ್ತು ವರ್ಷ. ಎಚ್4 ಹ್ಯಾಲೊಜೆನ್ ಬಲ್ಬುಗಳಿವೆ. ವಾರಕ್ಕೊಮ್ಮೆ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರುತ್ತೇನೆ. ಹೋಗುವುದೂ ಬರುವುದೂ ರಾತ್ರಿಯೇ. ಕಳೆದ ಒಂದು ವರ್ಷದಲ್ಲಿ ಎಡಬದಿಯ ಬಲ್ಬ್ ಎರಡು ಸಲ ಸುಟ್ಟುಹೋಯಿತು, ಬಲಬದಿಯದಕ್ಕೆ ಏನೂ ಆಗಿಲ್ಲ. ಎಲ್‌ಇಡಿ ಹಾಕಿಸಿಬಿಟ್ಟರೆ ಮತ್ತೆ ಈ ತೊಂದರೆಯೇ ಇರುವುದಿಲ್ಲವೆಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಹೆಡ್‌ಲೈಟ್ ಬಲ್ಬಿನ ಆಯುಸ್ಸು ನಿಜವಾಗಿ ಎಷ್ಟು? ಅವರ ಮಾತಿನಂತೆ ಮಾಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ ಬದಿಯ ಬಲ್ಬುಗಳು ಬೇಗ ಬೇಗ ಹೋಗುತ್ತಿದ್ದರೆ ಚಾರ್ಜಿಂಗ್ ವ್ಯವಸ್ಥೆಯನ್ನು ಮೊದಲು ಅನುಮಾನಿಸಬೇಕಾಗುತ್ತಿತ್ತು. ಒಂದೇ ಬದಿಯದು ಹೋಗುತ್ತಿರುವುದರಿಂದ ದೋಷವನ್ನು ಆ ದೀಪದ ಗೂಡಿನಲ್ಲಿಯೇ, ಇಲ್ಲವೇ ಬಲ್ಬನ್ನು ಕೂರಿಸಿದ ರೀತಿಯಲ್ಲಿ ಹುಡುಕಬೇಕು. ಬಲ್ಬಿನ ಜಾತಿ ಬದಲಿಸುವುದು ಅದಕ್ಕೆ ಪರಿಹಾರವಲ್ಲ.

ಹ್ಯಾಲೊಜೆನ್ ಬಲ್ಬಿನೊಳಗೆ ಉರಿಯುವುದು ಟಂಗ್‌ಸ್ಟನ್ ತಂತಿಯ ಸಣ್ಣ ಸುರುಳಿ. ಟಂಗ್‌ಸ್ಟನ್ 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಲ್ಬಿನಲ್ಲಿ ಅದು ಸುಮಾರು 2,900 ಡಿಗ್ರಿಯವರೆಗೆ ಕಾಯುತ್ತದೆ. ಅಷ್ಟು ಕಾವಿನಲ್ಲಿ ತಂತಿಯ ಮೈಯಿಂದ ಲೋಹ ಸದಾ ಆವಿಯಾಗುತ್ತಲೇ ಇರುತ್ತದೆ. ಹಳೆಯ ಕಾಲದ ಮಾಮೂಲು ಬಲ್ಬುಗಳಲ್ಲಿ ಈ ಆವಿ ಗಾಜಿನ ಒಳಮೈಗೆ ಅಂಟಿ ಕಪ್ಪಗಾಗುತ್ತಿತ್ತು. ಹ್ಯಾಲೊಜೆನ್ ಬಲ್ಬಿನಲ್ಲಿ ತುಂಬಿರುವ ಅನಿಲದಲ್ಲಿ ಅಯೋಡಿನ್ ಅಥವಾ ಬ್ರೋಮಿನ್‌ನ ಅಲ್ಪಾಂಶವಿದ್ದು, ಅದು ಆವಿಯಾದ ಲೋಹದೊಡನೆ ಕೂಡಿ ಅದನ್ನು ಗಾಜಿನ ಮೇಲೆ ಕೂರಲು ಬಿಡದೆ ಮರಳಿ ತಂತಿಯ ಕಡೆಗೆ ಒಯ್ಯುತ್ತದೆ. ಈ ಕ್ರಿಯೆ ನಡೆಯಬೇಕಾದರೆ ಬಲ್ಬಿನ ಹೊರಕವಚ ಕನಿಷ್ಠ 250 ಡಿಗ್ರಿಯಷ್ಟು ಬಿಸಿಯಿರಬೇಕಾದ್ದರಿಂದ ಅದನ್ನು ಸಾಧಾರಣ ಗಾಜಿನ ಬದಲು ಕ್ವಾರ್ಟ್ಜ್‌ನಂಥ ಶಾಖ ತಾಳುವ ವಸ್ತುವಿನಿಂದ ಚಿಕ್ಕದಾಗಿ ಮಾಡುತ್ತಾರೆ. ಆದರೆ ಮರಳಿ ಬಂದ ಲೋಹ ತಂತಿಯ ಸವೆದ ಜಾಗಕ್ಕೇ ಬಂದು ಕೂರುವುದಿಲ್ಲ, ಸ್ವಲ್ಪ ತಣ್ಣಗಿರುವ ಭಾಗಕ್ಕೆ ಸೇರುತ್ತದೆ. ಹಾಗಾಗಿ ತೆಳುವಾದ ಜಾಗ ಇನ್ನಷ್ಟು ತೆಳುವಾಗಿ, ಹೆಚ್ಚು ಕಾದು, ಒಂದು ದಿನ ಅಲ್ಲಿಯೇ ತುಂಡಾಗುತ್ತದೆ. ಬಹಳ ಸಲ ಇದು ಸ್ವಿಚ್ ಹಾಕಿದ ಕ್ಷಣದಲ್ಲೇ ಆಗುವುದಕ್ಕೆ ಕಾರಣವಿದೆ: ತಣ್ಣಗಿರುವ ಟಂಗ್‌ಸ್ಟನ್ ತಂತಿಯ ವಿದ್ಯುತ್ ರೋಧ ಕಾದ ತಂತಿಯದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಇರಬಹುದು, ಆದ್ದರಿಂದ ಮೊದಲ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಕರೆಂಟ್ ನುಗ್ಗುತ್ತದೆ.

ಬಲ್ಬಿನ ಆಯುಸ್ಸನ್ನು ವರ್ಷಗಳಲ್ಲಿ ಕೇಳುವುದಕ್ಕಿಂತ ಉರಿದ ಗಂಟೆಗಳಲ್ಲಿ ಎಣಿಸುವುದು ಸರಿ. ಸಾಮಾನ್ಯ ಹ್ಯಾಲೊಜೆನ್ ಬಲ್ಬಿಗೆ 450ರಿಂದ 1,000 ಗಂಟೆ ಎಂದು ಹಿಡಿಯಬಹುದು. ‘ಶೇ 100 ಹೆಚ್ಚು ಬೆಳಕು’ ಎಂದು ಡಬ್ಬಿಯ ಮೇಲೆ ಬರೆದಿರುವ ಬಲ್ಬುಗಳಲ್ಲಿ ತಂತಿಯನ್ನು ಇನ್ನೂ ಬಿಸಿಯಾಗಿ ಉರಿಸುವುದರಿಂದ ಅವು ಇದರ ಅರ್ಧದಷ್ಟೂ ಬಾಳದಿರಬಹುದು. ದೀರ್ಘ ಬಾಳಿಕೆಯ ಬಲ್ಬುಗಳ ತಂತಿ ತುಸು ಕಡಿಮೆ ಬಿಸಿಯಲ್ಲಿ ಉರಿಯುವುದರಿಂದ ಹೆಚ್ಚು ಕಾಲ ಬರುತ್ತವೆ, ಬೆಳಕು ಸ್ವಲ್ಪ ಹಳದಿ. ಹೆಚ್ಚು ಬೆಳಕು, ಹೆಚ್ಚು ಬಾಳಿಕೆ ಎರಡನ್ನೂ ಒಟ್ಟಿಗೆ ಕೊಡುವ ಹ್ಯಾಲೊಜೆನ್ ಬಲ್ಬ್ ಇಲ್ಲ. ನಿಮ್ಮ ಪ್ರಯಾಣ ವಾರಕ್ಕೆ ಏಳೆಂಟು ಗಂಟೆಯ ರಾತ್ರಿ ಚಾಲನೆಯಾದರೆ ವರ್ಷಕ್ಕೆ ಸುಮಾರು 400 ಗಂಟೆಯಾಗುತ್ತದೆ. ಆ ಲೆಕ್ಕದಲ್ಲಿ ವರ್ಷ ದಾಟಿದ ಮೇಲೆ ಒಂದು ಬಲ್ಬ್ ಹೋದರೆ ಅಚ್ಚರಿಪಡಬೇಕಾಗಿಲ್ಲ. ಒಂದೇ ಬದಿಯಲ್ಲಿ ವರ್ಷಕ್ಕೆ ಎರಡು ಹೋಗುವುದು ಮಾತ್ರ ಸಹಜವಲ್ಲ.

ವೋಲ್ಟೇಜ್ ಏರಿದರೆ ಬಾಳಿಕೆ ಕುಸಿಯುತ್ತದೆ, ಅದೂ ತೀರ ಕಡಿದಾಗಿ: ಶೇ 5ರಷ್ಟು ಹೆಚ್ಚಾದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಬಲಬದಿಯ ಬಲ್ಬ್ ಚೆನ್ನಾಗಿರುವುದರಿಂದ ಇದು ಕಾರಣವಾಗಿರುವ ಸಂಭವ ಕಡಿಮೆ. ಆದರೂ ಅನುಮಾನ ಬೇಡವೆನಿಸಿದರೆ ಎಂಜಿನ್ ಸ್ವಲ್ಪ ವೇಗವಾಗಿ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಮಲ್ಟಿಮೀಟರ್ ಹಿಡಿಸಿ ನೋಡಿ. 13.8ರಿಂದ 14.5 ವೋಲ್ಟ್ ಸರಿ; 15 ದಾಟಿದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿದೆ ಎಂದರ್ಥ.

ಇನ್ನು ಎಡಬದಿಯ ಗೂಡು. ಅನೇಕ ಕಾರುಗಳಲ್ಲಿ ಬ್ಯಾಟರಿ ಒಂದು ಹೆಡ್‌ಲೈಟಿನ ಬೆನ್ನಿಗೇ ಇರುತ್ತದೆ. ಆ ಬದಿಯಲ್ಲಿ ಕೈ ಆಡಿಸಲು ಜಾಗವಿಲ್ಲದೆ, ಬಲ್ಬನ್ನು ಕಣ್ಣಿಗೆ ಕಾಣದೆ ತಡಕಾಡಿ ಕೂರಿಸಬೇಕಾಗುತ್ತದೆ; ಆಗ ಬೆರಳು ಗಾಜಿಗೆ ತಗಲುವುದೂ, ಸ್ಪ್ರಿಂಗ್ ಕ್ಲಿಪ್ ಪೂರ್ತಿ ಸಿಕ್ಕಿಕೊಳ್ಳದೆ ಉಳಿಯುವುದೂ ಸುಲಭ. ಬೆರಳಿನ ಎಣ್ಣೆ ಮತ್ತು ಉಪ್ಪು ಕಾದ ಕ್ವಾರ್ಟ್ಜ್‌ನ ಮೇಲೆ ಕೂತರೆ ಅಲ್ಲಿ ಅದರ ರಚನೆಯೇ ಬದಲಾಗಿ ಮಸುಕಾಗುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಕ್ಲಿಪ್ ಸಡಿಲವಿದ್ದರೆ ಹಳ್ಳದಿಣ್ಣೆಯ ರಸ್ತೆಯಲ್ಲಿ ಕಾದು ಮೆತ್ತಗಾದ ತಂತಿ ಅದುರಿ ತುಂಡಾಗುತ್ತದೆ. ಮಳೆಗಾಲದಲ್ಲಿ ಘಾಟಿ ಹತ್ತುವವರಿಗೆ ಮೂರನೆಯದೂ ಒಂದಿದೆ: ಬಲ್ಬಿನ ಹಿಂದಿನ ರಬ್ಬರ್ ಮುಚ್ಚಳ ಹರಿದಿದ್ದರೆ ಅಥವಾ ಯಾರೋ ತೆಗೆದವರು ಮತ್ತೆ ಹಾಕದೆ ಬಿಟ್ಟಿದ್ದರೆ, ಒಳಬಂದ ನೀರಿನ ಹನಿ ಕಾದ ಬಲ್ಬಿನ ಮೇಲೆ ಬಿದ್ದು ಅದನ್ನು ಸೀಳುತ್ತದೆ.

ಸುಟ್ಟ ಬಲ್ಬನ್ನು ಎಸೆಯದೆ ಇಟ್ಟುಕೊಂಡಿದ್ದರೆ ಅದೇ ಅರ್ಧ ಉತ್ತರ ಹೇಳುತ್ತದೆ. ಒಳಗೆ ಬಿಳಿ ಅಥವಾ ಹಳದಿ ಪುಡಿ ಕಂಡರೆ ಗಾಜು ಸೀಳಿ ಗಾಳಿ ಹೊಕ್ಕಿದೆ. ಆ ಪುಡಿ ಟಂಗ್‌ಸ್ಟನ್ ಆಕ್ಸೈಡ್. ಗಾಜು ಸ್ವಚ್ಛವಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅದುರಾಟದ ಕಡೆಗೆ ನೋಡಿ. ಒಳಮೈಯೆಲ್ಲ ಕಪ್ಪು ಬೆಳ್ಳಿಯಂತಾಗಿದ್ದರೆ ಬಲ್ಬ್ ತನ್ನ ಆಯುಸ್ಸು ಮುಗಿಸಿದೆ. ಹೋಲ್ಡರಿನ ಪ್ಲಾಸ್ಟಿಕ್ ಕಂದಾಗಿದೆಯೇ, ಪಿನ್ನುಗಳು ಸಡಿಲವಾಗಿವೆಯೇ ಎಂದೂ ನೋಡಬೇಕು. ಅಲ್ಲಿ ಸಂಪರ್ಕ ಬಿಟ್ಟು ಬಿಟ್ಟು ಆಗುತ್ತಿದ್ದರೆ ಪ್ರತಿ ಸಲವೂ ತಂತಿಗೆ ಸ್ವಿಚ್ ಹಾಕಿದಷ್ಟೇ ಏಟು ಬೀಳುತ್ತದೆ. ಅರ್ಥಿಂಗ್ ಕೆಟ್ಟಿರುವುದೇ ಕಾರಣವೆಂದು ಕೆಲವು ಎಲೆಕ್ಟ್ರಿಷಿಯನ್ನರು ಹೇಳುವುದುಂಟು. ಅರ್ಥ್ ಕೆಟ್ಟರೆ ದೀಪ ಮಂಕಾಗುತ್ತದೆಯೇ ಹೊರತು ಬಲ್ಬ್ ಬೇಗ ಸುಡುವುದಿಲ್ಲ.

ಎಲ್‌ಇಡಿಯ ಸಲಹೆಗೆ ಬರೋಣ. ಎಚ್4 ಬಲ್ಬಿನಲ್ಲಿ 60 ಮತ್ತು 55 ವ್ಯಾಟಿನ ಎರಡು ಸುರುಳಿಗಳಿವೆ. ಅಪ್ಪರ್ ಸುರುಳಿ ಪ್ರತಿಫಲಕದ, ಅಂದರೆ ಅಂಗಡಿಯವರು ಡೂಮ್ ಎನ್ನುವ ಬಟ್ಟಲಿನ, ನಾಭಿಯ ಬಳಿ ಇರುತ್ತದೆ. ಡಿಪ್ ಸುರುಳಿ ಅದಕ್ಕಿಂತ ತುಸು ಮುಂದೆ ಇದ್ದು ಅದರ ಕೆಳಗೆ ಲೋಹದ ಪುಟ್ಟ ತಟ್ಟೆ ಇರುತ್ತದೆ. ಈ ತಟ್ಟೆಯಿಂದಾಗಿ ಡಿಪ್‌ನ ಬೆಳಕು ಬಟ್ಟಲಿನ ಮೇಲರ್ಧಕ್ಕೆ ಮಾತ್ರ ತಾಗಿ ಕೆಳಮುಖವಾಗಿ ರಸ್ತೆಯ ಮೇಲೆ ಬೀಳುತ್ತದೆ. ತಟ್ಟೆಯ ಒಂದು ಅಂಚನ್ನು 15 ಡಿಗ್ರಿ ಓರೆಯಾಗಿ ಕತ್ತರಿಸಿರುವುದರಿಂದ, ಎಡಬದಿಯ ಸಂಚಾರವಿರುವ ನಮ್ಮಲ್ಲಿ ಬೆಳಕು ರಸ್ತೆಯ ಎಡ ಅಂಚಿಗೆ ಸ್ವಲ್ಪ ಮೇಲೇರಿ ಪಾದಚಾರಿಗಳನ್ನು ತೋರಿಸುತ್ತದೆ, ಎದುರು ಬರುವವರ ಕಣ್ಣಿಗೆ ಹೊಡೆಯುವುದಿಲ್ಲ. ಇಡೀ ಲೆಕ್ಕ ನಿಂತಿರುವುದು ಸುತ್ತಲೂ ಬೆಳಕು ಬೀರುವ ಆ ಸಣ್ಣ ಸುರುಳಿ ಇಂಥಲ್ಲೇ ಇರಬೇಕೆಂಬುದರ ಮೇಲೆ; ಮಿಲಿಮೀಟರಿನಷ್ಟು ಆಚೀಚೆಯಾದರೂ ಬೆಳಕಿನ ಅಂಚು ಕೆಡುತ್ತದೆ. ಅದೇ ಬಟ್ಟಲಿಗೆ ಕೂರಿಸುವ ಎಲ್‌ಇಡಿ ಬಲ್ಬಿನಲ್ಲಿ ಚಪ್ಪಟೆ ಪಟ್ಟಿಯ ಎರಡು ಮೈಗಳಿಂದ ಬೆಳಕು ಹೊರಡುವುದರಿಂದ ಕಾರಿನ ಮುಂದೆ ಬೆಳ್ಳಗೆ ಚೆಲ್ಲಿದಂತೆ ಕಂಡರೂ, ದೂರಕ್ಕೆ ಹೋಗಬೇಕಾದದ್ದು ಕಡಿಮೆಯಾಗಿ ಮೇಲಕ್ಕೆ ಹೋಗಬಾರದ್ದು ಹೆಚ್ಚಾಗುತ್ತದೆ. ಶಿರಾಡಿಯ ತಿರುವಿನಲ್ಲಿ ಎದುರಿನ ಲಾರಿ ಚಾಲಕನಿಗೆ ರಸ್ತೆ ಕಾಣದಂತೆ ಮಾಡಿ ನಮ್ಮ ದೀಪ ಚೆನ್ನಾಗಿದೆ ಎಂದುಕೊಳ್ಳುವುದರಲ್ಲಿ ಅರ್ಥವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ್ದನ್ನು ಮನಬಂದಂತೆ ಬದಲಿಸುವುದಕ್ಕೆ ಮಿತಿ ಹಾಕಿರುವುದನ್ನೂ ಗಮನಿಸಿ. ಕಾರ್ಖಾನೆಯಿಂದಲೇ ಎಲ್‌ಇಡಿ ಹೊತ್ತು ಬರುವ ಕಾರುಗಳ ಮಾತು ಬೇರೆ: ಅವುಗಳ ಪ್ರತಿಫಲಕ, ಮಸೂರ, ಶಾಖ ಹೊರಹಾಕುವ ವ್ಯವಸ್ಥೆ ಎಲ್ಲವೂ ಅದಕ್ಕೆಂದೇ ಆದವು, ಸಾವಿರಾರು ಗಂಟೆ ಬಾಳುತ್ತವೆ, ಕೆಟ್ಟರೆ ಮಾತ್ರ ಎಷ್ಟೋ ಮಾದರಿಗಳಲ್ಲಿ ಇಡೀ ದೀಪವನ್ನೇ ಬದಲಿಸಬೇಕು. 35 ವ್ಯಾಟಿನ ಝೆನಾನ್ ದೀಪಗಳು ಸುಮಾರು 2,000 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬರುತ್ತವೆ, ಆದರೆ ಅವಕ್ಕೂ ಅವುಗಳದೇ ಪ್ರತಿಫಲಕ ಬೇಕು.

ನಿಮ್ಮ ನಿಜವಾದ ಕೊರತೆ ಬೆಳಕೇ ಆಗಿದ್ದರೆ ಬಲ್ಬಿಗೆ ತಲುಪುವ ವೋಲ್ಟೇಜನ್ನು ದೀಪ ಉರಿಯುತ್ತಿರುವಾಗ ಹೋಲ್ಡರಿನಲ್ಲೇ ಅಳೆಸಿ. ಒಂಬತ್ತು ವರ್ಷದ ವೈರಿಂಗ್ ಮತ್ತು ಸ್ವಿಚ್ಚಿನಲ್ಲಿ ಒಂದು ವೋಲ್ಟಿನಷ್ಟು ಕಳೆದುಹೋಗಿದ್ದರೂ ಬೆಳಕಿನ ಕಾಲುಭಾಗದಷ್ಟು ಹೋಗಿರುತ್ತದೆ. ದಪ್ಪ ವೈರು, ರಿಲೇ ಮತ್ತು ಫ್ಯೂಸ್ ಹಾಕಿಸಿದರೆ 60/55ರ ಬಲ್ಬೇ ಸಾಕೆನಿಸುತ್ತದೆ. 100/90ರ ಬಲ್ಬ್ ಹಾಕಿ ಹೋಲ್ಡರ್ ಕರಗಿಸಿಕೊಳ್ಳಬೇಕಾಗಿಲ್ಲ. ಹಳದಿಗಟ್ಟಿದ ಮುಂಗವಚವನ್ನು ಪಾಲಿಶ್ ಮಾಡಿಸುವುದರಿಂದಲೂ ಗಣನೀಯ ವ್ಯತ್ಯಾಸ ಕಾಣುತ್ತದೆ.

ಈ ಸಲ ಎರಡೂ ಬದಿಗೆ ಒಂದೇ ಮಾದರಿಯ ಹೊಸ ಬಲ್ಬ್ ಹಾಕಿಸಿ, ಎಡಬದಿಯಲ್ಲಿ ಬ್ಯಾಟರಿ ಅಡ್ಡವಿದ್ದರೆ ಅದನ್ನು ಸರಿಸಿಯೇ ಕೆಲಸ ಮಾಡಲು ಹೇಳಿ, ರಬ್ಬರ್ ಮುಚ್ಚಳ ಹೊಸದು ಕೊಡಿಸಿ. ಗಾಜಿಗೆ ಕೈ ತಗಲಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ ಒಣಗಿದ ಮೇಲೆಯೇ ದೀಪ ಹಾಕಬೇಕು. ಬಲಬದಿಯಿಂದ ತೆಗೆದ ಬಲ್ಬ್ ಕಾರಿನಲ್ಲೇ ಇರಲಿ. ನಡುದಾರಿಯಲ್ಲಿ ಡಿಪ್ ಸುಟ್ಟರೆ ಅಪ್ಪರ್ ಹಾಕಿಕೊಂಡೇ ಘಾಟಿ ಇಳಿಯುವ ಪ್ರಸಂಗ ಆಗ ಬರುವುದಿಲ್ಲ.