ಕಸ್ಟಮ್ ಪ್ರಿಂಟ್ ಟೀ ಶರ್ಟ್ ಬಾಳಿಕೆ ಬರುತ್ತದೋ ಇಲ್ಲವೋ ಎಂದು ಆರ್ಡರ್ ಕೊಡುವ ಮೊದಲೇ ತಿಳಿಯುವುದು ಹೇಗೆ?

ತಂಡಕ್ಕೆ ಟೀ ಶರ್ಟ್ ಮಾಡಿಸಬೇಕು, ಎಲ್ಲರೂ '180 ಜಿಎಸ್‌ಎಂ' ಎನ್ನುತ್ತಾರೆ, ನಂಬಬಹುದೇ ಎಂದು ಕೇಳಿದ್ದೀರಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದಷ್ಟೇ. ಒರಟು ನೂಲಿನ ಬಟ್ಟೆಯೂ 180 ತೂಗಬಹುದು. ಅದರ ಜೊತೆಗೆ ಕೋಂಬ್ಡ್ ಕಾಟನ್ನಾ ಎಂದು ಕೇಳಿ. ಅದರಲ್ಲಿ ಗಿಡ್ಡ ಎಳೆಗಳನ್ನು ಬಾಚಿ ತೆಗೆದಿರುತ್ತಾರೆ, ಹಾಗಾಗಿ ಬಟ್ಟೆ ನಯವಾಗಿರುತ್ತದೆ, ಪ್ರಿಂಟೂ ಸಮವಾಗಿ ಕೂರುತ್ತದೆ.

ಆದರೆ ನನ್ನ ಅನುಭವದಲ್ಲಿ ಬಟ್ಟೆಗಿಂತ ಮೊದಲು ಕೈಕೊಡುವುದು ಪ್ರಿಂಟು. ಸ್ಕ್ರೀನ್ ಪ್ರಿಂಟ್‌ಗೆ ಹೆಚ್ಚಾಗಿ ಬಳಸುವ ಪ್ಲಾಸ್ಟಿಸಾಲ್ ಇಂಕು ತಾನಾಗಿ ಒಣಗುವುದಿಲ್ಲ, ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಅದರ ಒಳಪದರದವರೆಗೂ ತಾಗಬೇಕು. ಅವಸರದಲ್ಲಿ ಮಾಡಿದರೆ ಮೇಲ್ಪದರ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಹಸಿಯಾಗಿಯೇ ಉಳಿದಿರುತ್ತದೆ. ಪ್ರಿಂಟ್ ಇರುವ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸರಿಯಾಗಿ ಬೆಂದ ಇಂಕು ಬಟ್ಟೆಯ ಜೊತೆಗೇ ಹಿಗ್ಗಿ ವಾಪಸ್ ಬರುತ್ತದೆ. ಬಿರುಕು ಬಿಟ್ಟು ಹಾಗೇ ಉಳಿದರೆ ಆ ಅಂಗಡಿಗೆ ಕೈಮುಗಿದು ಬನ್ನಿ.

ಡಿಟಿಎಫ್, ಅಂದರೆ ಚಿತ್ರವನ್ನು ಮೊದಲು ಫಿಲ್ಮ್ ಮೇಲೆ ಮುದ್ರಿಸಿ ಶಾಖ ಕೊಟ್ಟು ಬಟ್ಟೆಗೆ ಅಂಟಿಸುವ ಪ್ರಿಂಟ್ ಆದರೆ ಅಂಚನ್ನು ಉಗುರಿನಿಂದ ಕೆರೆದು ನೋಡಿ, ಏಳಬಾರದು. ಎದೆ ತುಂಬ ದೊಡ್ಡ ಚಿತ್ರಕ್ಕೆ ನಾನಂತೂ ಅದನ್ನು ಆರಿಸುವುದಿಲ್ಲ, ಗಾಳಿ ಆಡದೆ ಬೆವರುತ್ತದೆ. ಸಬ್ಲಿಮೇಶನ್ ಎಂಬ ಇನ್ನೊಂದು ಪ್ರಿಂಟ್ ವಿಧಾನದಲ್ಲಿ ಶಾಖಕ್ಕೆ ಬಣ್ಣ ಪಾಲಿಯೆಸ್ಟರ್ ಎಳೆಯೊಳಗೇ ಇಳಿಯುವುದರಿಂದ ಬಿರುಕಿನ ಮಾತೇ ಇಲ್ಲ. ಅದನ್ನೇ ಶುದ್ಧ ಹತ್ತಿಯ ಮೇಲೆ ಮಾಡಿಕೊಡುತ್ತೇವೆ ಎಂದರೆ ಅನುಮಾನಪಡಿ, ಹತ್ತಿಗೆ ಆ ಬಣ್ಣ ಹಿಡಿಯುವುದಿಲ್ಲ.

ಕತ್ತಿನ ಪಟ್ಟಿ ಎಳೆದು ಬಿಟ್ಟಾಗ ಮೊದಲಿನಂತಾಗಬೇಕು. ಭುಜದ ಹೊಲಿಗೆಯ ಒಳಗೆ ಟೇಪ್, ಅಂದರೆ ಸಣ್ಣ ಬಟ್ಟೆಯ ಪಟ್ಟಿ, ಇದ್ದರೆ ಒಳ್ಳೆಯದು.

ಇಷ್ಟೆಲ್ಲ ನೋಡಿದರೂ ಒಗೆಯದೆ ಏನೂ ಗೊತ್ತಾಗುವುದಿಲ್ಲ. ಹಣ ಕೊಟ್ಟಾದರೂ ಎರಡು ಸ್ಯಾಂಪಲ್ ತರಿಸಿ. ಒಂದರ ಉದ್ದ, ಅಗಲ ಬರೆದಿಟ್ಟುಕೊಂಡು, ಒಳಮೈ ಹೊರಗೆ ಮಾಡಿ ಮೂರ್ನಾಲ್ಕು ಸಲ ಒಗೆದು ಮತ್ತೆ ಅಳೆಯಿರಿ. ಬದಿಯ ಹೊಲಿಗೆ ಹೊಟ್ಟೆಯ ಕಡೆಗೆ ತಿರುಚಿಕೊಂಡು ಬಂದಿದ್ದರೆ ಆ ಬಟ್ಟೆ ಬೇಡ. ಒದ್ದೆ ಬಿಳಿ ಬಟ್ಟೆಯಿಂದ ಪ್ರಿಂಟನ್ನು ಉಜ್ಜಿ, ಬಣ್ಣ ಅಂಟುತ್ತದೆಯೇ ನೋಡಿ. ಇನ್ನೊಂದನ್ನು ಒಗೆಯದೆ ಹಾಗೇ ಎತ್ತಿಡಿ. ಪೂರ್ತಿ ಮಾಲು ಬಂದ ದಿನ ಅದರ ಪಕ್ಕದಲ್ಲಿಟ್ಟು ಹೋಲಿಸದೆ ಬಾಕಿ ಹಣ ಕೊಡಬೇಡಿ.