ಠಸ್ಸೆ ಒತ್ತಿದ ಬಿಂಗ್‌ಹ್ಯಾಮ್

ಪ್ರಶ್ನೆ: 2006ರ ಅಮೆರಿಕದ ಅಂಚೆಚೀಟಿ ಹಾಳೆಯೊಂದು ನನ್ನ ಸಂಗ್ರಹಕ್ಕೆ ಬಂದಿದೆ. ಅದರಲ್ಲಿರುವ ಆರು ರಾಜತಾಂತ್ರಿಕರಲ್ಲಿ ಒಬ್ಬರು ಹೈರಮ್ ಬಿಂಗ್‌ಹ್ಯಾಮ್. ಪೆರುವಿನ ಇಂಕಾ ಪಾಳುನಗರ ಮಾಚು ಪಿಚುವಿಗೆ ಹೋಗಿದ್ದವರು ಇವರೇನಾ? (ಶಿರಸಿಯ ಓದುಗರು)

ಉತ್ತರ: ಅಲ್ಲ, ಅವರ ಮಗ. ನಾಲ್ಕು ತಲೆಮಾರಿಗೂ ಒಂದೇ ಹೆಸರು ಇಟ್ಟುಕೊಂಡ ಮನೆತನ ಅದು, ಗೊಂದಲವಾಗದೆ ಇರುವುದಿಲ್ಲ. ಮೊದಲನೆಯ ಹೈರಮ್ 1820ರಲ್ಲಿ ಹವಾಯಿಗೆ ಹೋದ ಪಾದ್ರಿ. ಎರಡನೆಯವರು ಪೆಸಿಫಿಕ್‌ನ ಗಿಲ್ಬರ್ಟ್ ದ್ವೀಪಗಳ ಭಾಷೆಗೆ ಬೈಬಲ್ ಅನುವಾದಿಸಿದವರು. ಮೂರನೆಯವರೇ 1911ರ ಮಾಚು ಪಿಚು ಬಿಂಗ್‌ಹ್ಯಾಮ್. ಅವರು ಅದನ್ನು ‘ಕಂಡುಹಿಡಿದರು’ ಎನ್ನುವುದು ಸ್ವಲ್ಪ ಅತಿಯಾಯಿತು; ಅವರು ಬೆಟ್ಟ ಹತ್ತಿದಾಗ ಅಲ್ಲಿ ರೈತರು ಬೇಸಾಯ ಮಾಡಿಕೊಂಡಿದ್ದರು. ಮುಂದೆ ಅವರು 1925ರ ಜನವರಿಯಲ್ಲಿ ಕನೆಕ್ಟಿಕಟ್‌ನ ಗವರ್ನರ್ ಆಗಿ, ಮರುದಿನವೇ ರಾಜೀನಾಮೆ ಕೊಟ್ಟು ಸೆನೆಟ್‌ಗೆ ಹೋದರು. ಕಾರ್ಖಾನೆ ಮಾಲೀಕರ ಸಂಘದವನೊಬ್ಬನನ್ನು ತಮ್ಮ ಸಿಬ್ಬಂದಿಯೆಂದು ಸಮಿತಿಯೊಳಗೆ ಕೂರಿಸಿದ್ದಕ್ಕೆ 1929ರಲ್ಲಿ ಅದೇ ಸೆನೆಟ್‌ನಿಂದ ಛೀಮಾರಿಯನ್ನೂ ಹಾಕಿಸಿಕೊಂಡರು. ಸಾರ್ವಜನಿಕ ಸೇವೆಯ ಮನೆತನ ಎನ್ನುವಾಗ ಇದನ್ನು ಬಿಟ್ಟು ಹೇಳಬಾರದು.

ನಿಮ್ಮ 39 ಸೆಂಟ್‌ನ ಚೀಟಿಯಲ್ಲಿರುವುದು ನಾಲ್ಕನೆಯವರು (1903–1988). ಮನೆಯಲ್ಲಿ ಕರೆಯುತ್ತಿದ್ದದ್ದು ಹ್ಯಾರಿ ಎಂದು. ಇವರ ತಮ್ಮ ಜೊನಾಥನ್ 1965ರಿಂದ 1983ರವರೆಗೆ ನ್ಯೂಯಾರ್ಕ್‌ನಿಂದ ಸಂಸತ್ ಸದಸ್ಯರಾಗಿದ್ದರು.

ಪ್ರಶ್ನೆ: ಹ್ಯಾರಿ ಬಿಂಗ್‌ಹ್ಯಾಮ್ ಫ್ರಾನ್ಸ್‌ನಲ್ಲಿ ವೀಸಾ ಅಧಿಕಾರಿಯಾಗಿದ್ದರಂತೆ. ವೀಸಾ ಕೊಡುವುದೇ ಕೆಲಸವಾಗಿದ್ದವರು ವೀಸಾ ಕೊಟ್ಟರೆ ಅದರಲ್ಲೇನು ಹೆಚ್ಚುಗಾರಿಕೆ? (ಮೈಸೂರಿನ ಓದುಗರು)

ಉತ್ತರ: ಆ ಕಾಲದ ಕಾಗದಪತ್ರದ ಸರಪಳಿಯನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. ಜರ್ಮನಿಗೆ ಸೋತ ಫ್ರಾನ್ಸ್ 1940ರ ಜೂನ್ 22ರಂದು ಮಾಡಿಕೊಂಡ ಕದನವಿರಾಮ ಒಪ್ಪಂದದ 19ನೇ ಕಲಮಿನಂತೆ, ಜರ್ಮನಿ ಹೆಸರಿಸಿ ಕೇಳಿದ ಜರ್ಮನರನ್ನು ಫ್ರಾನ್ಸ್ ಹಿಡಿದುಕೊಡಬೇಕಿತ್ತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರೆಲ್ಲ ದಕ್ಷಿಣದ ಮಾರ್ಸೇಲ್ಸ್ ಬಂದರಿನಲ್ಲಿ ಬಂದು ಸೇರಿದರು. ಬಿಂಗ್‌ಹ್ಯಾಮ್ ಅಲ್ಲಿ ಅಮೆರಿಕದ ಉಪ ಕಾನ್ಸಲ್.

ಅಲ್ಲಿಂದ ಹೊರಡುವ ದಾರಿ ಲಿಸ್ಬನ್ನಿನ ಮೂಲಕ. ಸ್ಪೇನ್ ದಾಟಲು ಟ್ರಾನ್ಸಿಟ್ ವೀಸಾ ಬೇಕು. ಅದನ್ನು ಕೊಡಲು ಪೋರ್ಚುಗಲ್‌ನ ಟ್ರಾನ್ಸಿಟ್ ಕೇಳುತ್ತಾರೆ. ಅದಕ್ಕೆ ಸಮುದ್ರದಾಚೆಯ ಯಾವುದಾದರೂ ದೇಶದ ವೀಸಾ ತೋರಿಸಬೇಕು. ಅಂದರೆ ಎಲ್ಲಕ್ಕೂ ಕೀಲಿಕೈ ಅಮೆರಿಕದ ಠಸ್ಸೆ. ಅದರ ಆಯುಸ್ಸು ಹೆಚ್ಚೆಂದರೆ ನಾಲ್ಕು ತಿಂಗಳು. ಉಳಿದ ಕಾಗದಕ್ಕೆ ಅಲೆಯುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದರೆ ಮತ್ತೆ ಮೊದಲಿನಿಂದ ಶುರು. ಫ್ರಾನ್ಸ್ ಬಿಡಲು ಬೇಕಾದ ನಿರ್ಗಮನ ವೀಸಾವನ್ನು ಕೇಳಿದರೆ ಪೊಲೀಸರಿಗೆ ನಾವೇ ಗುರುತು ಕೊಟ್ಟ ಹಾಗೆ. ಜರ್ಮನಿಯ ಯಹೂದಿ ಚಿಂತಕ ವಾಲ್ಟರ್ ಬೆಂಜಮಿನ್ ಸಿಕ್ಕಿಬಿದ್ದದ್ದು ಇಲ್ಲೇ. ಅಮೆರಿಕದ ವೀಸಾ ಇತ್ತು, ಸ್ಪೇನಿನ ಟ್ರಾನ್ಸಿಟ್ ಇತ್ತು, ಫ್ರಾನ್ಸಿನ ನಿರ್ಗಮನದ ಠಸ್ಸೆ ಇರಲಿಲ್ಲ. ಸ್ಪೇನ್ ಗಡಿಯ ಪೋರ್ಟ್‌ಬೌನಲ್ಲಿ ವಾಪಸ್ ಕಳಿಸುತ್ತೇವೆಂದಾಗ, 1940ರ ಸೆಪ್ಟೆಂಬರ್ 26ರ ರಾತ್ರಿ ಜೀವ ಕಳೆದುಕೊಂಡರು.

ಅಮೆರಿಕದ ವೀಸಾವೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಜರ್ಮನಿಯಲ್ಲಿ ಹುಟ್ಟಿದವರಿಗೆ ವರ್ಷಕ್ಕೆ 27,370ರ ಕೋಟಾ. ಅಮೆರಿಕದಲ್ಲಿರುವವರು ಆದಾಯದ ದಾಖಲೆ ಸಮೇತ ಹೊಣೆ ಹೊರುವ ಅಫಿಡವಿಟ್ ಕೊಡಬೇಕು. ಪೊಲೀಸರ ಸನ್ನಡತೆ ಪತ್ರ ಬೇರೆ: ಯಾರಿಂದ ಓಡಿಬಂದರೋ ಅವರಿಂದಲೇ! ಇದರ ಮೇಲೆ, ವಿದೇಶಾಂಗ ಇಲಾಖೆಯ ಬ್ರೆಕಿನ್‌ರಿಜ್ ಲಾಂಗ್ 1940ರ ಜೂನ್ 26ರ ಟಿಪ್ಪಣಿಯಲ್ಲಿ ದಾರಿ ತೋರಿಸಿದ್ದರು. ಅರ್ಜಿ ತಿರಸ್ಕರಿಸುವುದೇ ಬೇಡ. ಇನ್ನೊಂದು ಪುರಾವೆ ಕೇಳಿ, ಮತ್ತೊಂದು ಕೇಳಿ, ಮುಂದೂಡುತ್ತಾ ಹೋದರೆ ಸಾಕು ಎಂಬುದು ಅದರ ತಿರುಳು. ಹಾಗಾಗಿ ಏನೂ ಮಾಡದೆ ಕೂತ ಅಧಿಕಾರಿಯೇ ಇಲಾಖೆಯ ಕಣ್ಣಿಗೆ ಒಳ್ಳೆಯ ಅಧಿಕಾರಿ.

ಬಿಂಗ್‌ಹ್ಯಾಮ್ ಅದೇ ನಿಯಮಗಳನ್ನು ಅರ್ಜಿದಾರನ ಪರವಾಗಿ ಓದಿದರು. ಕಾದಂಬರಿಕಾರ ಲಿಯೋನ್ ಫಾಯ್ಖ್ಟ್‌ವಾಂಗರ್ ಪ್ರಕರಣ ನೋಡಿ. 1933ರಲ್ಲೇ ನಾಜಿಗಳು ಅವರ ಪೌರತ್ವ ಕಿತ್ತುಕೊಂಡಿದ್ದರು, ಪಾಸ್‌ಪೋರ್ಟ್ ಇಲ್ಲ. 1940ರ ಜುಲೈನಲ್ಲಿ ದಕ್ಷಿಣ ಫ್ರಾನ್ಸಿನ ನೀಮ್ ಬಳಿಯ ಬಂಧನ ಶಿಬಿರದಿಂದ ಅವರಿಗೆ ಹೆಂಗಸರ ಕೋಟು, ತಲೆವಸ್ತ್ರ, ಕಪ್ಪು ಕನ್ನಡಕ ತೊಡಿಸಿ ಕಾರಿನಲ್ಲಿ ಕರೆತಂದದ್ದು ಇನ್ನೊಬ್ಬ ಉಪ ಕಾನ್ಸಲ್ ಮೈಲ್ಸ್ ಸ್ಟ್ಯಾಂಡಿಶ್. ತಡೆದು ಕೇಳಿದವರಿಗೆ ‘ಅತ್ತೆ’ ಎಂದು ಹೇಳಿದ್ದಾಯಿತು. ಬಚ್ಚಿಟ್ಟುಕೊಂಡದ್ದು ಬಿಂಗ್‌ಹ್ಯಾಮ್ ಅವರ ಮನೆಯಲ್ಲಿ. ಪಾಸ್‌ಪೋರ್ಟಿನ ಬದಲಿಗೆ ಅಫಿಡವಿಟ್ ಒಂದನ್ನು ‘ವೆಟ್‌ಚೀಕ್’ ಎಂಬ ಹೆಸರಿನಲ್ಲಿ ಮಾಡಿಕೊಟ್ಟರು. ಫಾಯ್ಖ್ಟ್ ಎಂದರೆ ಒದ್ದೆ, ವಾಂಗೆ ಎಂದರೆ ಕೆನ್ನೆ: ಜರ್ಮನ್ ಹೆಸರನ್ನು ಹಾಗೇ ಇಂಗ್ಲಿಷಿಗೆ ಮಗುಚಿದ್ದು. ಆ ಸೆಪ್ಟೆಂಬರ್‌ನಲ್ಲಿ ‘ಒದ್ದೆಕೆನ್ನೆ’ಯವರು ಹೆಂಡತಿಯೊಂದಿಗೆ ಪಿರನೀಸ್ ಬೆಟ್ಟ ದಾಟಿದರು. ಅದೇ ವರ್ಷದ ಆಗಸ್ಟ್‌ನಲ್ಲಿ 3,000 ಡಾಲರನ್ನು ಕಾಲಿಗೆ ಅಂಟಿಸಿಕೊಂಡು, ಪಾರುಮಾಡಬೇಕಾದ 200 ಹೆಸರುಗಳ ಪಟ್ಟಿ ಹಿಡಿದು ಬಂದ ಅಮೆರಿಕದ ಪತ್ರಕರ್ತ ವೇರಿಯನ್ ಫ್ರೈ ಅವರಿಗೂ ಕಾನ್ಸುಲೇಟಿನೊಳಗಿನ ಆಸರೆ ಬಿಂಗ್‌ಹ್ಯಾಮ್. ಚಿತ್ರಕಾರ ಮಾರ್ಕ್ ಶಗಾಲ್‌ಗೂ ದಾರಿಯಾದದ್ದು ಇವರಿಬ್ಬರಿಂದ.

ಪ್ರಶ್ನೆ: ಇಷ್ಟು ಮಾಡಿದವರ ಹೆಸರು ಏಕೆ ಕೇಳಿಬರಲಿಲ್ಲ? ಎಷ್ಟು ಜನರನ್ನು ಉಳಿಸಿದರು? (ಬಳ್ಳಾರಿಯ ಓದುಗರು)

ಉತ್ತರ: ಅವರೇ ಬಾಯಿ ಬಿಡಲಿಲ್ಲ. 1941ರಲ್ಲಿ ಮಾರ್ಸೇಲ್ಸ್‌ನಿಂದ ಎತ್ತಂಗಡಿಯಾಯಿತು. ಮೊದಲು ಲಿಸ್ಬನ್, ಆಮೇಲೆ ಬ್ಯೂನಸ್ ಐರಿಸ್. ಅಲ್ಲಿ ನಾಜಿಗಳ ಓಡಾಟದ ಬಗ್ಗೆ ವರದಿ ಬರೆದರು, ಬಡ್ತಿ ಸಿಗಲಿಲ್ಲ, ಕೆಲಸ ಬಿಟ್ಟು ಕನೆಕ್ಟಿಕಟ್‌ನ ಸೇಲಮ್‌ಗೆ ಬಂದರು. ಹನ್ನೊಂದು ಮಕ್ಕಳ ಸಂಸಾರ. ಅವರು ತೀರಿಕೊಂಡ ಮೇಲೆ ಅದೇ ಮನೆಯ ಚಿಮಣಿಯ ಹಿಂದೆ ಕಾಗದಪತ್ರದ ಕಟ್ಟು ಸಿಕ್ಕಿತು. ಮಕ್ಕಳು ಅದನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡಿದ್ದರಿಂದಲೇ ಅಮೆರಿಕದ ವಿದೇಶಾಂಗ ಅಧಿಕಾರಿಗಳ ಸಂಘದ 2002ರ ಮರಣೋತ್ತರ ಗೌರವ, ನಿಮ್ಮ ಶಿರಸಿ ಓದುಗರ ಚೀಟಿ ಎರಡೂ ಸಾಧ್ಯವಾದವು.

2,500 ಎಂಬ ಅಂಕಿ ಎಲ್ಲೆಡೆ ಓಡಾಡುತ್ತದೆ. ಅದು ಅಂದಾಜು, ಹೆಸರು ಹಿಡಿದು ಎಣಿಸಿದ ಪಟ್ಟಿಯಲ್ಲ. ಇನ್ನೊಂದು ತಪ್ಪನ್ನೂ ತಿದ್ದಿಕೊಳ್ಳಿ: ನಾಜಿ ಹತ್ಯಾಕಾಂಡದ ನೆನಪಿಗಾಗಿ ಇರುವ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರಿಗೆ 2005ರಲ್ಲಿ ಕೊಟ್ಟದ್ದು ಮೆಚ್ಚುಗೆಯ ಪತ್ರ. ಅದರ ಅತ್ಯುನ್ನತ ಬಿರುದು ಅವರಿಗೆ ಬಂದಿದೆಯೆಂದು ಕೆಲವೆಡೆ ಬರೆಯುವುದು ಸರಿಯಲ್ಲ.